ಕ್ಲ್ಯಾಂಪ್ ಬಿಚ್ಚಿದ ಮೇಲೆ ಜಾಬ್ ಬಾಗುವುದೇಕೆ: ತೆಳು ಗೋಡೆಯ ಭಾಗಗಳಲ್ಲಿ ಉಳಿಕೆ ಒತ್ತಡ

ಮೆಷೀನ್ ಮೇಲಿರುವಷ್ಟು ಹೊತ್ತು ಜಾಬಿನ (ಕತ್ತರಿಸಿ ಮಾಡುತ್ತಿರುವ ಲೋಹದ ಭಾಗದ) ಎಲ್ಲ ಅಳತೆಯೂ ಸರಿ ಇರುತ್ತದೆ. ಪ್ರೋಬ್ ಹಾಕಿದರೆ ಫ್ಲಾಟ್‌ನೆಸ್ 10 ಮೈಕ್ರಾನ್ ಒಳಗೆ, ಗೋಡೆಯ ದಪ್ಪ ಡ್ರಾಯಿಂಗ್‌ನಲ್ಲಿ ಇದ್ದ ಹಾಗೇ. ಕೊನೆಯ ಕ್ಲ್ಯಾಂಪ್ ಸಡಿಲಿಸಿದ ಕೂಡಲೇ ಒಂದು ಮೂಲೆ 0.3 ಮಿ.ಮೀ. ಮೇಲೇಳುತ್ತದೆ. ಆಗ ಸಾಮಾನ್ಯವಾಗಿ ಮುಂದಿನ ಪೀಸಿಗೆ ಕ್ಲ್ಯಾಂಪ್ ಇನ್ನಷ್ಟು ಬಿಗಿ ಮಾಡುತ್ತಾರೆ, ಇಲ್ಲವೇ ಫೀಡ್ (ಕಟರ್ ಮುಂದೆ ಸಾಗುವ ವೇಗ) ಇಳಿಸುತ್ತಾರೆ. ಎರಡರಿಂದಲೂ ಸಮಸ್ಯೆ ಹೋಗುವುದು ಅಪರೂಪ, ಎಷ್ಟೋ ಸಲ ಹೆಚ್ಚಾಗುತ್ತದೆ.

ತೆಳು ಗೋಡೆಯ ಜಾಬ್ ಬಾಗಿಯೇ ಬಾಗುತ್ತದೆ ಎಂದುಕೊಂಡು ಪ್ರೋಸೆಸ್ ಬರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಬಾಗಬೇಕಾದ್ದೆಲ್ಲ ಫಿನಿಶ್ ಪಾಸ್‌ಗೆ (ಕೊನೆಯ ತೆಳು ಕತ್ತರಿಕೆಗೆ) ಮೊದಲೇ, ತಿದ್ದಲು ಮೈಮೇಲೆ ಇನ್ನೂ ಸ್ಟಾಕ್ (ತೆಗೆಯಲು ಉಳಿಸಿದ ಹೆಚ್ಚುವರಿ ಲೋಹ) ಇರುವಾಗಲೇ ಬಾಗಿ ಮುಗಿಯಬೇಕು. ಮುಂದೆ ಹೇಳುವುದೆಲ್ಲ ಇದನ್ನು ಸಾಧಿಸುವ ದಾರಿ.

ಯಾವ ಸ್ಟ್ರೆಸ್ ಎಂದು ಮೊದಲು ಗುರುತಿಸಿ

ಹೊರಗಿನಿಂದ ಯಾವ ಬಲವೂ ಇಲ್ಲದಿದ್ದಾಗಲೂ ಲೋಹದ ಒಳಗೆ ಉಳಿದಿರುವ ಸೆಳೆತವೇ ಉಳಿಕೆ ಒತ್ತಡ, ಶಾಪ್ ಮಾತಿನಲ್ಲಿ ಸ್ಟ್ರೆಸ್. ಬಾಗುವುದಕ್ಕೆ ಮೂಲ ಮೂರು. ಲೋಹ ಮಿಲ್ಲಿನಿಂದ ಬರುವಾಗಲೇ ಒಳಗೆ ಹೊತ್ತು ತಂದದ್ದು ಒಂದು. ಕಟಿಂಗ್ ಎಡ್ಜ್ ಮೇಲ್ಮೈಯ ಹತ್ತಾರು ಮೈಕ್ರಾನ್ ಪದರದಲ್ಲಿ ತುಂಬಿದ್ದು ಇನ್ನೊಂದು. ಮೂರನೆಯದು ನಿಜಕ್ಕೂ ಉಳಿಕೆ ಒತ್ತಡವೇ ಅಲ್ಲ: ಕ್ಲ್ಯಾಂಪ್ ಹಾಕುವಾಗ ಜಾಬ್ ಬಾಗಿರುತ್ತದೆ, ಬಾಗಿದ ಸ್ಥಿತಿಯಲ್ಲೇ ನೇರವಾಗಿ ಕತ್ತರಿಸಿರುತ್ತೇವೆ, ಬಿಚ್ಚಿದಾಗ ಅದು ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ.

ಮೂರನೆಯದನ್ನು ಪತ್ತೆ ಮಾಡುವುದು ಎಲ್ಲಕ್ಕಿಂತ ಸುಲಭ. ಕತ್ತರಿಸುವ ಮೊದಲು, ಕ್ಲ್ಯಾಂಪ್ ಪಕ್ಕದಲ್ಲೇ ಡಯಲ್ ಇಂಡಿಕೇಟರ್ ಮುಟ್ಟಿಸಿ ಸೊನ್ನೆ ಮಾಡಿ, ನಂತರ ನಟ್ ಬಿಗಿ ಮಾಡುತ್ತಾ ಬನ್ನಿ. ಮುಳ್ಳು 0.01 ಮಿ.ಮೀ.ಗಿಂತ ಹೆಚ್ಚು ಸರಿದರೆ ಆ ಜಾಗದ ಅಡಿಯಲ್ಲಿ ಆಸರೆ ಇಲ್ಲ. ಅಲ್ಲಿಯೇ ನಿಲ್ಲಿಸಿ ಶಿಮ್ (ಸಂದು ತುಂಬುವ ತೆಳು ತಗಡು) ಹಾಕಿ.

ಮೊದಲ ಎರಡನ್ನು ಬೇರ್ಪಡಿಸುವುದಕ್ಕೆ ರಫಿಂಗ್ (ಮೊದಲ ಒರಟು ಕತ್ತರಿಕೆ) ಆದ ಮೇಲಿನ ಬಾಗು ಮತ್ತು ಫಿನಿಶ್ ಆದ ಮೇಲಿನ ಬಾಗು ಎರಡನ್ನೂ ಬೇರೆ ಬೇರೆ ಅಳೆಯಬೇಕು. ದಪ್ಪ ಸ್ಟಾಕ್ ತೆಗೆದಾಗ ಇಡೀ ಜಾಬ್ ಒಂದೇ ವಕ್ರದಲ್ಲಿ ಬಾಗಿದರೆ ಅದು ಲೋಹದ ಒಳಗಿನದ್ದು. ರಫಿಂಗ್ ನಂತರ ನೇರವಾಗಿದ್ದು, 0.2 ಮಿ.ಮೀ. ಫಿನಿಶ್ ಪಾಸ್ ಹೊಡೆದ ಮೇಲೆ ತೆಳುವಾದ ಜಾಗಗಳಷ್ಟೇ ಬಾಗಿದರೆ ಅದು ಟೂಲ್ ತುಂಬಿದ್ದು. ಅನುಮಾನ ಉಳಿದರೆ ಅದೇ ಪ್ಲೇಟಿನಿಂದ 150 ಮಿ.ಮೀ. ಉದ್ದ, 25 ಅಗಲ, 3 ದಪ್ಪದ ಎರಡು ಪಟ್ಟಿ ಕತ್ತರಿಸಿ, ಎರಡೂ ಮುಖವನ್ನು ಸಮನಾಗಿ ಮಿಲ್ ಮಾಡಿ ನೇರ ಮಾಡಿಕೊಳ್ಳಿ. ಒಂದರ ಒಂದು ಮುಖಕ್ಕೆ ಹೊಸ ಕಟರ್‌ನಿಂದ, ಇನ್ನೊಂದರ ಒಂದು ಮುಖಕ್ಕೆ ಸವೆದ ಕಟರ್‌ನಿಂದ ಅದೇ ಫಿನಿಶ್ ಪಾಸ್ ಹಾಕಿ. ಎರಡರ ಬಾಗಿನ ವ್ಯತ್ಯಾಸ ಸಂದು ಅಳೆಯುವ ತೆಳು ತಗಡಿನ ಫೀಲರ್ ಗೇಜ್‌ಗೇ ಸಿಗುತ್ತದೆ. ಶಾಟ್ ಪೀನಿಂಗ್ (ಸಣ್ಣ ಗುಂಡು ಹೊಡೆದು ಮೇಲ್ಮೈ ಅದುಮುವ ಕೆಲಸ) ಮಾಡುವವರ ಆಲ್ಮೆನ್ ಪಟ್ಟಿ ಕೆಲಸ ಮಾಡುವುದೂ ಇದೇ ತತ್ವದ ಮೇಲೆ: 76 × 19 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ಪಟ್ಟಿಯ ಒಂದೇ ಮುಖಕ್ಕೆ ಶಾಟ್ ಹೊಡೆದು, ಅದು ಎಷ್ಟು ಕಮಾನಾಯಿತು ಎಂದು ಅಳೆಯುತ್ತಾರೆ.

ಲೋಹ ಹೊತ್ತು ತಂದ ಸ್ಟ್ರೆಸ್

7075 ಅಲ್ಯೂಮಿನಿಯಂ ಅನ್ನು ಸುಮಾರು 470 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿನಲ್ಲಿ ಕ್ವೆಂಚ್ ಮಾಡುತ್ತಾರೆ (ಥಟ್ಟನೆ ತಣಿಸುತ್ತಾರೆ). ಮೇಲ್ಮೈ ಮೊದಲು ತಣಿದು ಗಟ್ಟಿಯಾಗುತ್ತದೆ. ನಡುಭಾಗ ನಿಧಾನವಾಗಿ ತಣಿಯುತ್ತಾ ಕುಗ್ಗಲು ಹೊರಟಾಗ ಮೇಲ್ಮೈಯನ್ನು ಒಳಕ್ಕೆ ಎಳೆಯುತ್ತದೆ. ಕೊನೆಗೆ ಮೇಲ್ಮೈ ಕಂಪ್ರೆಶನ್‌ನಲ್ಲಿ (ಅದುಮಿದ ಸ್ಥಿತಿಯಲ್ಲಿ), ನಡುಭಾಗ ಟೆನ್ಶನ್‌ನಲ್ಲಿ (ಎಳೆದ ಸ್ಥಿತಿಯಲ್ಲಿ) ಉಳಿಯುತ್ತದೆ. ಸಮಬಲದ ಎರಡು ತಂಡ ಹಗ್ಗ ಜಗ್ಗುತ್ತಾ ನಿಂತ ಹಾಗೆ, ಹೊರಗಿನಿಂದ ನೋಡಿದರೆ ಎಲ್ಲ ಸ್ತಬ್ಧ. ಒಂದು ಬದಿಯಿಂದ ಪದರ ತೆಗೆದ ಕೂಡಲೇ ಸಮತೋಲ ಹೋಗುತ್ತದೆ.

ಇಲ್ಲಿ ಲೋಹಕ್ಕೆ ಯಾವ ಉಪಚಾರ ಆಗಿದೆ ಎಂದು ಹೇಳುವ ಟೆಂಪರ್ ಹೆಸರಿನ ಕೊನೆಯ ಅಂಕೆಗಳು ಬಹಳ ಮುಖ್ಯ. ಟಿ6 ಎಂದಷ್ಟೇ ಇದ್ದರೆ ಕ್ವೆಂಚ್ ಸ್ಟ್ರೆಸ್ ಹಾಗೇ ಇದೆ ಎಂದರ್ಥ. ಟಿ651 ಎಂದಿದ್ದರೆ ಕ್ವೆಂಚ್ ನಂತರ ಪ್ಲೇಟನ್ನು ಶೇ. 1.5ರಿಂದ 3ರಷ್ಟು ಶಾಶ್ವತವಾಗಿ ಎಳೆದು ಸ್ಟ್ರೆಸ್ ಇಳಿಸಿದ್ದಾರೆ. 7050-ಟಿ7451 ಕೂಡ ಇದೇ ಗುಂಪಿನದು. ಫೋರ್ಜಿಂಗ್‌ನಲ್ಲಿ ಎಳೆಯಲು ಆಗದ ಕಾರಣ ಅದುಮಿ ಇಳಿಸುತ್ತಾರೆ, ಅದು ಟಿ652. ಎಕ್ಸ್‌ಟ್ರೂಶನ್‌ಗೆ ಟಿ6510 ಮತ್ತು ಟಿ6511. ತೆಳು ಗೋಡೆಯ ಕೆಲಸಕ್ಕೆ ಬರೀ ಟಿ6 ತರಬೇಡಿ ಎಂದು ಪರ್ಚೇಸ್‌ಗೆ ಬರೆದುಕೊಡಿ, ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಆ ಅಂಕೆಗಳನ್ನು ಕಣ್ಣಾರೆ ನೋಡಿ. ಇಡೀ ಪ್ರೋಸೆಸ್‌ನಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಬಲಕ್ಕಿಂತ ಫ್ಲಾಟ್‌ನೆಸ್ ಮುಖ್ಯವಾದ ಕಡೆ ಕಾಸ್ಟ್ ಟೂಲಿಂಗ್ ಪ್ಲೇಟ್ (ಎರಕ ಹೊಯ್ದು ಮಾಡಿದ ಪ್ಲೇಟ್) ಬಳಸಿದರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಜಾಬ್ ಯಾವ ಕಡೆಗೆ ಬಾಗಿತು ಎಂಬುದೇ ಒಳಗಿನ ಸ್ಟ್ರೆಸ್ ಹೇಗಿತ್ತು ಎಂದು ಹೇಳುತ್ತದೆ. ಕ್ವೆಂಚ್ ಮಾಡಿದ ಅಲ್ಯೂಮಿನಿಯಂನಲ್ಲಿ ಮೇಲಿನ ಪದರ ತೆಗೆದರೆ ಕೆಳಗಿನ ಕಂಪ್ರೆಶನ್ ಪದರ ಹಿಗ್ಗಿಕೊಳ್ಳುತ್ತದೆ, ಎರಡೂ ತುದಿ ಸ್ಪಿಂಡಲ್ ಕಡೆಗೆ ಮೇಲೇಳುತ್ತವೆ, ಕತ್ತರಿಸಿದ ಮುಖ ತಟ್ಟೆಯಂತೆ ಒಳಬಾಗುತ್ತದೆ. ಕೋಲ್ಡ್ ಡ್ರಾನ್ (ಬಿಸಿ ಮಾಡದೆ ಎಳೆದು ಮಾಡಿದ) ಬ್ರೈಟ್ ಬಾರ್‌ನಲ್ಲಿ ಮೇಲ್ಮೈಗೆ ಟೆನ್ಶನ್ ಇರುವುದರಿಂದ ಇದು ತಿರುಗುಮುರುಗು. ಉದ್ದನೆಯ ಕೀ-ವೇ (ಕೀ ಕೂರುವ ತೋಡು) ಹೊಡೆದ ಮೇಲೆ ಶಾಫ್ಟ್ ಬಾಗಿ, ಕೀ-ವೇ ಇರುವ ಬದಿ ಉಬ್ಬಿ ನಿಲ್ಲುವುದು ಇದರಿಂದಲೇ. ತೆಳು ಕೆಲಸಕ್ಕೆ ಬ್ರೈಟ್ ಬಾರ್ ಬದಲು ಹಾಟ್ ರೋಲ್ಡ್ ತೆಗೆದುಕೊಂಡು ಹೆಚ್ಚು ಸ್ಟಾಕ್ ತೆಗೆಯುವುದೇ ಲೇಸು.

ಪ್ಲೇಟಿನಲ್ಲಿ ಸ್ಟ್ರೆಸ್ ದಪ್ಪದ ನಡುರೇಖೆಯ ಎರಡೂ ಕಡೆ ಬಹುಮಟ್ಟಿಗೆ ಸಮನಾಗಿ ಹಂಚಿರುತ್ತದೆ. ಹಾಗಾಗಿ ಭಾಗವನ್ನು ನಡುವಿನಲ್ಲಿ ಕೂರಿಸಬೇಕು. 50 ಮಿ.ಮೀ. ಪ್ಲೇಟಿನಿಂದ 30 ಮಿ.ಮೀ. ಭಾಗ ಬೇಕಾದರೆ ಎರಡೂ ಕಡೆಯಿಂದ ಹತ್ತು ಹತ್ತು ತೆಗೆಯಿರಿ. ಒಂದು ಕಡೆ 2 ಸ್ಕಿಮ್ ಮಾಡಿ (ತೆಳುವಾಗಿ ಸವರಿ) ಇನ್ನೊಂದು ಕಡೆಯಿಂದ 18 ತೆಗೆದರೆ ಸಮಯ ಉಳಿದಂತೆ ಕಾಣುತ್ತದೆ, ಆದರೆ ಬಾಗನ್ನು ಕೈಯಾರೆ ಆಹ್ವಾನಿಸಿದಂತೆ.

ಹೀಟ್ ಟ್ರೀಟ್‌ಮೆಂಟ್‌ನಿಂದ ಎಷ್ಟು ಆಗುತ್ತದೆ

ಇದು ಲೋಹದಿಂದ ಲೋಹಕ್ಕೆ ಪೂರ್ತಿ ಬೇರೆ. ಕಾರ್ಬನ್ ಸ್ಟೀಲಿಗೆ 550ರಿಂದ 650 ಡಿಗ್ರಿ, 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ ಲೆಕ್ಕದಲ್ಲಿ ಹಿಡಿದು, ಸುಮಾರು 300 ಡಿಗ್ರಿವರೆಗೆ ಫರ್ನೇಸ್ ಒಳಗೇ ನಿಧಾನವಾಗಿ ತಣಿಸಿದರೆ ಹೆಚ್ಚಿನ ಸ್ಟ್ರೆಸ್ ಹೋಗುತ್ತದೆ. ಹಾರ್ಡನ್ ಮಾಡಿ ಟೆಂಪರ್ ಮಾಡಿದ (ಗಟ್ಟಿ ಮಾಡಿ, ಮತ್ತೆ ಕಾಯಿಸಿ ಹದಕ್ಕೆ ತಂದ) ಸ್ಟೀಲ್ ಆದರೆ ಟೆಂಪರಿಂಗ್ ತಾಪಮಾನಕ್ಕಿಂತ 25–30 ಡಿಗ್ರಿ ಕೆಳಗೇ ನಿಲ್ಲಬೇಕು, ಇಲ್ಲವಾದರೆ ಹಾರ್ಡ್‌ನೆಸ್ ಇಳಿಯುತ್ತದೆ. 304 ಸ್ಟೇನ್‌ಲೆಸ್‌ಗೆ 450–850ರ ವಲಯವೇ ಅಪಾಯ: ಕ್ರೋಮಿಯಂ ಕಾರ್ಬೈಡ್ ಗ್ರೇನ್ ಅಂಚಿನಲ್ಲಿ ಕೂತು ತುಕ್ಕು ನಿರೋಧ ಹಾಳಾಗುತ್ತದೆ. ಟೈಟಾನಿಯಂ 6ಎಎಲ್-4ವಿ ಗೆ 480ರಿಂದ 650 ಡಿಗ್ರಿಯಲ್ಲಿ ಒಂದರಿಂದ ನಾಲ್ಕು ಗಂಟೆ ಹಿಡಿಯುತ್ತಾರೆ. ಗಾಳಿಯಲ್ಲಿ ಮಾಡಿದರೆ ಮೇಲೆ ಆಮ್ಲಜನಕ ಸೇರಿದ ಪೆಡಸು ಪದರ ಬೆಳೆಯುತ್ತದೆ, ಆದ್ದರಿಂದ ವ್ಯಾಕ್ಯೂಮ್ ಬೇಕು, ಇಲ್ಲವೇ ಆ ಪದರ ತೆಗೆಯುವಷ್ಟು ಸ್ಟಾಕ್ ಉಳಿದಿರಬೇಕು.

ಅಲ್ಯೂಮಿನಿಯಂ ವಿಷಯದಲ್ಲಿ ಮಾತ್ರ ದಯವಿಟ್ಟು ಓವನ್ ನಂಬಿ ಕೂರಬೇಡಿ. 7075-ಟಿ6 ಏಜಿಂಗ್ (ಬಲ ಬರಲು ಹದ ಬಿಸಿಯಲ್ಲಿ ಇಡುವುದು) ನಡೆಯುವುದೇ 120 ಡಿಗ್ರಿಯಲ್ಲಿ, 24 ಗಂಟೆ. ಸ್ಟ್ರೆಸ್ ಪೂರ್ತಿ ಇಳಿಸುವಷ್ಟು ಬಿಸಿ ಮಾಡಿದರೆ ಬಲವೂ ಅದರ ಜೊತೆಗೇ ಹೋಗುತ್ತದೆ. ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಇಳಿಯುವುದು ಸ್ವಲ್ಪವೇ. ಅಲ್ಯೂಮಿನಿಯಂನಲ್ಲಿ ಗೆಲ್ಲುವುದು ಟಿ651 ಪ್ಲೇಟ್ ಮತ್ತು ಕತ್ತರಿಸುವ ಅನುಕ್ರಮದಿಂದಲೇ. ವೈಬ್ರೇಟರಿ ಸ್ಟ್ರೆಸ್ ರಿಲೀಫ್ (ಕಂಪನ ಕೊಟ್ಟು ಸ್ಟ್ರೆಸ್ ಇಳಿಸುವುದು) ಬಗ್ಗೆಯೂ ಕೇಳುತ್ತಾರೆ. ದೊಡ್ಡ ವೆಲ್ಡೆಡ್ ಫ್ರೇಮ್‌ಗಳಿಗೆ ಅದನ್ನು ಬಳಸುವವರಿದ್ದಾರೆ, ತೆಳು ಗೋಡೆಯ ಭಾಗಕ್ಕೆ ನಾನು ಅದನ್ನು ಪ್ರೋಸೆಸ್ ಶೀಟಿನಲ್ಲಿ ಬರೆಯುವುದಿಲ್ಲ.

ಫರ್ನೇಸ್‌ಗೆ ಕಳಿಸುವ ಸಮಯ ರಫಿಂಗ್ ಆದ ಮೇಲೆ, ಎಲ್ಲ ಮುಖದಲ್ಲೂ 1.5–2 ಮಿ.ಮೀ. ಉಳಿದಿರುವಾಗ. ಬಿಸಿಯಲ್ಲಿ ಲೋಹ ತನ್ನ ಭಾರಕ್ಕೇ ಜೋಲುತ್ತದೆ. ಅದಕ್ಕೆ ಜಾಬನ್ನು ಸಮತಟ್ಟಾಗಿ, ಉದ್ದಕ್ಕೂ ಆಸರೆ ಕೊಟ್ಟು ಇಡಬೇಕು. 17-4 ಪಿಎಚ್ ಸ್ಟೇನ್‌ಲೆಸ್‌ಗೆ 482 ಡಿಗ್ರಿಯ ಎಚ್900 ಏಜಿಂಗ್ ಮಾಡಿಸುವಾಗ ಶೇ. 0.04ರಿಂದ 0.06ರಷ್ಟು ಕುಗ್ಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. 200 ಮಿ.ಮೀ.ಗೆ ಅದು ಸುಮಾರು 0.1 ಮಿ.ಮೀ.

ರಫಿಂಗ್, ಬಿಚ್ಚುವುದು, ಮತ್ತೆ ಕೂರಿಸುವುದು

300 × 200 ಮಿ.ಮೀ. ಟ್ರೇ ಆಕಾರದ ಭಾಗ, ಎತ್ತರ 40, ಗೋಡೆ 2, ತಳ 2.5, ಲೋಹ 7075-ಟಿ651, ಪ್ಲೇಟ್ 50 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಮೊದಲು ಒಂದು ಮುಖಕ್ಕೆ 1.5 ಮಿ.ಮೀ. ಸ್ಕಿಮ್, ತಿರುಗಿಸಿ ಇನ್ನೊಂದಕ್ಕೂ ಅಷ್ಟೇ. ನಂತರ ಪಾಕೆಟ್ ಮತ್ತು ಹೊರಮೈ ರಫಿಂಗ್, ಗೋಡೆಗೂ ತಳಕ್ಕೂ 2ರಿಂದ 3 ಮಿ.ಮೀ. ಬಿಟ್ಟು. ಇಲ್ಲಿ ಜಾಬ್ ಪೂರ್ತಿ ಬಿಚ್ಚಬೇಕು. ಬರೀ ಸಡಿಲ ಮಾಡಿ ಮತ್ತೆ ಬಿಗಿ ಮಾಡಿದರೆ ಸಾಲದು, ಎತ್ತಿ ಸರ್ಫೇಸ್ ಪ್ಲೇಟ್ ಮೇಲೆ ಇಟ್ಟು ನೋಡಬೇಕು.

ರಾತ್ರಿಯಿಡೀ ಹಾಗೇ ಬಿಟ್ಟರೆ ಸ್ಟ್ರೆಸ್ ಇಳಿಯುತ್ತದೆ ಎಂಬ ಮಾತು ಶಾಪ್‌ಗಳಲ್ಲಿ ಬಹಳ ಓಡಾಡುತ್ತದೆ. ಪದರ ತೆಗೆದದ್ದರಿಂದ ಆಗುವ ಬಾಗು ಸ್ಥಿತಿಸ್ಥಾಪಕ ಬಾಗು, ಕ್ಲ್ಯಾಂಪ್ ಬಿಟ್ಟ ಕ್ಷಣದಲ್ಲೇ ಅದು ನಡೆದುಹೋಗುತ್ತದೆ. ಕಾಯುವುದರಿಂದ ಸಿಗುವ ನಿಜವಾದ ಲಾಭ ಜಾಬ್ ತಣಿಯುವುದು. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಮೀಟರಿಗೆ 23 ಮೈಕ್ರಾನ್ ಹಿಗ್ಗುತ್ತದೆ. 300 ಮಿ.ಮೀ. ಜಾಬ್ 10 ಡಿಗ್ರಿ ಬಿಸಿ ಇದ್ದರೆ 0.07 ಮಿ.ಮೀ. ಉದ್ದ. ಆ ಬಿಸಿ ಆರುವಷ್ಟು ಹೊತ್ತು ಕಾದರೆ ಸಾಕು.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ಹಂತ. ಬಾಗಿದ ಜಾಬನ್ನು ಮತ್ತೆ ಮೆಷೀನ್ ಬೆಡ್ ಮೇಲೆ ಇಟ್ಟು ನಾಲ್ಕು ಮೂಲೆಗೆ ಕ್ಲ್ಯಾಂಪ್ ಬಿಗಿದರೆ ಅದು ಚಪ್ಪಟೆಯಾಗುತ್ತದೆ. ಅದರ ಮೇಲೆ ಸ್ಕಿಮ್ ಹೊಡೆದರೆ ಮೇಲ್ಮೈ ಕನ್ನಡಿಯಂತೆ ಬರುತ್ತದೆ. ಬಿಚ್ಚಿದರೆ ಹಳೆಯ ಬಾಗು ಹಾಗೇ ಮರಳುತ್ತದೆ, ಮಾಡಿದ ಕೆಲಸ ದಂಡ. ಸರಿಯಾದ ಕ್ರಮ ಹೀಗೆ: ಜಾಬನ್ನು ಮೂರು ಆಸರೆಯ ಮೇಲೆ ಇಡಿ, ಮೂರು ಬಿಂದುವಿನ ಮೇಲೆ ಯಾವ ವಸ್ತುವೂ ಕುಣಿಯದೆ ಕೂರುತ್ತದೆ. ಉಳಿದ ಮೂಲೆಯ ಅಡಿಯಲ್ಲಿ 0.05ರ ಫೀಲರ್ ತೂರಿಸಿ ನೋಡಿ, ಹೋದರೆ 0.10, 0.15 ಎಂದು ಏರಿಸುತ್ತಾ ಸಂದು ಎಷ್ಟಿದೆ ಎಂದು ತಿಳಿದುಕೊಳ್ಳಿ. ಅಷ್ಟೇ ದಪ್ಪದ ಶಿಮ್ ಮೆಲ್ಲಗೆ ತುಂಬಿಸಿ. ತೂರಿಸಲು ಬಲ ಹಾಕಬೇಕಾಗಿ ಬಂದರೆ ಶಿಮ್ ದಪ್ಪವಾಯಿತು ಎಂದೇ ಅರ್ಥ. ಕ್ಲ್ಯಾಂಪ್ ಇರಬೇಕಾದದ್ದು ಆಸರೆಯ ನೇರ ಮೇಲೆ. ಡಯಲ್ ಪಕ್ಕದಲ್ಲಿಟ್ಟು ಬಿಗಿ ಮಾಡಿ, ಮುಳ್ಳು ಅಲುಗಬಾರದು. ಈಗ ಸ್ಕಿಮ್ ಹೊಡೆದರೆ ಸಿಗುವುದು ಬಿಡುವಾಗಿದ್ದಾಗಲೂ ಚಪ್ಪಟೆಯಾಗಿರುವ ಡೇಟಮ್ (ಉಳಿದ ಅಳತೆಗೆಲ್ಲ ಆಧಾರವಾಗುವ ಮೈ).

ಆ ಡೇಟಮ್ ಮೇಲೆ ಕೂರಿಸಿ ಸೆಮಿ-ಫಿನಿಶ್ ಮಾಡಿ, 0.3–0.5 ಮಿ.ಮೀ. ಬಿಡಿ, ಮತ್ತೊಮ್ಮೆ ಬಿಚ್ಚಿ ಅಳೆಯಿರಿ. ಎರಡನೇ ಬಾಗು ಮೊದಲಿನದಕ್ಕಿಂತ ಸ್ಪಷ್ಟವಾಗಿ ಕಡಿಮೆ ಇರಬೇಕು. ಇಲ್ಲದಿದ್ದರೆ ರಫಿಂಗ್‌ನಲ್ಲಿ ಹೆಚ್ಚು ಸ್ಟಾಕ್ ಬಿಟ್ಟಿದ್ದೀರಿ, ಅದು ಬಾಗಬೇಕಾದ್ದರಲ್ಲಿ ಇನ್ನೂ ಬಾಕಿ ಇದೆ.

ಹಿಡಿಯುವ ಬಲ

10 ಮಿ.ಮೀ. ಎಂಡ್ ಮಿಲ್‌ನ ಫಿನಿಶ್ ಪಾಸ್‌ನಲ್ಲಿ ಬರುವ ಬಲ ಹೆಚ್ಚೆಂದರೆ ನೂರಿನ್ನೂರು ನ್ಯೂಟನ್. ಮೆಷೀನ್ ವೈಸ್ ಪೂರ್ತಿ ಬಿಗಿದರೆ ಹತ್ತಾರು ಸಾವಿರ ನ್ಯೂಟನ್. ರಫಿಂಗ್‌ನ ಬಿಗಿಯಲ್ಲೇ ಫಿನಿಶ್ ಮಾಡುವುದಕ್ಕೆ ಕಾರಣವೇ ಇಲ್ಲ. ಟಾರ್ಕ್ ರೆಂಚ್ ಬಳಸಿ, ರಫಿಂಗ್‌ಗೆ ಒಂದು, ಫಿನಿಶ್‌ಗೆ ಒಂದು ಅಂಕೆ ಪ್ರೋಸೆಸ್ ಶೀಟಿನಲ್ಲೇ ಬರೆಯಿರಿ.

ವ್ಯಾಕ್ಯೂಮ್ ಫಿಕ್ಸ್ಚರ್ ಮೃದು ಎಂಬ ಭಾವನೆ ಇದೆ. ಚದರ ಸೆಂ.ಮೀ.ಗೆ 8–9 ನ್ಯೂಟನ್ ಎಂದರೂ 300 × 200ರ ತಳಕ್ಕೆ ಸುಮಾರು 5,000 ನ್ಯೂಟನ್ ಆಯಿತು, ಅದೂ 2.5 ಮಿ.ಮೀ. ತಳವನ್ನು ಸರಾಗವಾಗಿ ಚಪ್ಪಟೆ ಮಾಡುವ ಬಲ. ಡೇಟಮ್ ನಿಜವಾಗಿ ನೇರವಾದ ಮೇಲಷ್ಟೇ ವ್ಯಾಕ್ಯೂಮ್. ಪಾಕೆಟ್ ಒಳಗೆ 70 ಡಿಗ್ರಿಗೆ ಕರಗುವ ಬಿಸ್ಮತ್ ಮಿಶ್ರಲೋಹ ಎರೆದು ಗೋಡೆಗೆ ಆಸರೆ ಕೊಡುವುದುಂಟು. ಅದು ಗಟ್ಟಿಯಾಗುವಾಗ ತುಸು ಹಿಗ್ಗಿ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಸಾಮಾನ್ಯ ಬಗೆಯಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಇರುವುದರಿಂದ ಗಾಳಿಯಾಡುವ ಜಾಗ, ಕೈಗವಸು ತಪ್ಪಿಸಬೇಡಿ. ಮೇಣ ಇದಕ್ಕಿಂತ ಸೌಮ್ಯ.

ತೆಳು ಉಂಗುರವನ್ನು ಮೂರು ಜಾ (ಹಿಡಿಯುವ ದವಡೆ) ಇರುವ ಚಕ್‌ನಲ್ಲಿ ಹಿಡಿದು ಬೋರ್ ಮಾಡಿದರೆ ಬೋರ್ ಚಕ್‌ನಲ್ಲಿ ದುಂಡಗೆ ಇರುತ್ತದೆ, ಬಿಟ್ಟ ಮೇಲೆ ಮೂರು ಹಾಲೆಯದಾಗುತ್ತದೆ (ಮೂರು ಕಡೆ ಉಬ್ಬುತ್ತದೆ). ಇದರಲ್ಲಿ ಮೋಸ ಹೋಗುವ ಜಾಗ ಅಳತೆ. ಮೂರು ಹಾಲೆಯ ಆಕಾರದಲ್ಲಿ ಉಬ್ಬಿನ ಎದುರು ತಗ್ಗು ಬರುವುದರಿಂದ ಎರಡು ಬಿಂದುವಿನ ಬೋರ್ ಗೇಜ್ ಅಥವಾ ಮೈಕ್ರೋಮೀಟರ್ ಎಲ್ಲ ಕಡೆಯೂ ಒಂದೇ ವ್ಯಾಸ ತೋರಿಸುತ್ತದೆ, ಬೇರಿಂಗ್ ಮಾತ್ರ ಕೂರುವುದಿಲ್ಲ. ಮೂರು ಬಿಂದುವಿನ ಗೇಜ್ ಬಳಸಿ, ಹೊರಮೈಗಾದರೆ ವಿ-ಬ್ಲಾಕ್‌ನಲ್ಲಿ ತಿರುಗಿಸಿ ಡಯಲ್ ನೋಡಿ. ಮೂರು ಹಾಲೆಯ ದೋಷ 90 ಡಿಗ್ರಿ ವಿ-ಬ್ಲಾಕ್‌ನಲ್ಲಿ ಎರಡು ಪಟ್ಟು, 60 ಡಿಗ್ರಿಯದರಲ್ಲಿ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಪರಿಹಾರ, ಸುತ್ತಲೂ ಅಪ್ಪಿ ಹಿಡಿಯುವ ಅಗಲ ಸಾಫ್ಟ್ ಜಾ. ಅದನ್ನು ಜಾಬಿನ ವ್ಯಾಸಕ್ಕೇ ಬೋರ್ ಮಾಡಿರಬೇಕು. ಇನ್ನೂ ಒಳ್ಳೆಯದು ಫೇಸ್ ಮೇಲೆ, ಅಕ್ಷದ ದಿಕ್ಕಿನಲ್ಲಿ ಹಿಡಿಯುವುದು.

ಟೂಲ್ ತುಂಬುವ ಸ್ಟ್ರೆಸ್

ಇದು ತೆಳು ಪದರ, ಆದರೆ ಗೋಡೆ ತೆಳುವಾದಷ್ಟೂ ಇದರ ಆಟ ಜೋರು. ಬಾಗು ದಪ್ಪದ ವರ್ಗಕ್ಕೆ ವಿಲೋಮ. ಅಲ್ಯೂಮಿನಿಯಂ ಪ್ಲೇಟಿನ ಒಂದು ಮುಖದಲ್ಲಿ 0.05 ಮಿ.ಮೀ. ಆಳದವರೆಗೆ ಸರಾಸರಿ 100 ಮೆಗಾಪಾಸ್ಕಲ್ ಎಂದು ಲೆಕ್ಕ ಹಾಕಿದರೆ 200 ಮಿ.ಮೀ. ಉದ್ದಕ್ಕೆ 10 ಮಿ.ಮೀ. ದಪ್ಪದಲ್ಲಿ ಬಾಗು ಸುಮಾರು 0.014 ಮಿ.ಮೀ., 4 ಮಿ.ಮೀ. ದಪ್ಪದಲ್ಲಿ 0.09, 2 ಮಿ.ಮೀ. ದಪ್ಪದಲ್ಲಿ 0.36. ಟೂಲ್, ಫೀಡ್ ಎಲ್ಲ ಅದೇ. 4 ಮಿ.ಮೀ. ಭಾಗಕ್ಕೆ ನಡೆದ ಪ್ರೋಗ್ರಾಂ 2 ಮಿ.ಮೀ. ಭಾಗಕ್ಕೆ ನಡೆಯದಿರುವುದು ಇದಕ್ಕೇ.

ಹೆದರಿ ಫೀಡ್ ಇಳಿಸುವುದು ಇಲ್ಲಿ ತಿರುಗಿ ಹೊಡೆಯುತ್ತದೆ. 10 ಮಿ.ಮೀ. ಕಟರ್, 0.2 ಮಿ.ಮೀ. ರೇಡಿಯಲ್ ಕಟ್, ಹಲ್ಲಿಗೆ 0.05 ಫೀಡ್ ಕೊಟ್ಟರೆ ಚಿಪ್‌ನ ಗರಿಷ್ಠ ದಪ್ಪ ಸುಮಾರು 0.014 ಮಿ.ಮೀ. ಮಾತ್ರ. ದಪ್ಪ ಕೋಟಿಂಗ್ ಇರುವ ಅಥವಾ ಸವೆದ ಕಟರ್‌ನ ಅಂಚಿನ ರೇಡಿಯಸ್ಸೂ ಅಷ್ಟೇ ಇರಬಹುದು. ಆಗ ಅಂಚು ಕತ್ತರಿಸುವ ಬದಲು ಲೋಹವನ್ನು ಉಜ್ಜಿ ಅದುಮುತ್ತದೆ, ಸ್ಟ್ರೆಸ್ ಆಳಕ್ಕಿಳಿಯುತ್ತದೆ. ಅಲ್ಯೂಮಿನಿಯಂ ಫಿನಿಶ್‌ಗೆ ಪಾಲಿಶ್ ಮಾಡಿದ, ಕೋಟಿಂಗ್ ಇಲ್ಲದ ಚೂಪು ಕಾರ್ಬೈಡ್ ಕಟರ್ ಇಟ್ಟುಕೊಳ್ಳಿ, ಫೀಡ್ ಏರಿಸಿ, ಫ್ಲ್ಯಾಂಕ್ (ಕಟರ್ ಅಂಚಿನ ಹಿಂಬದಿ ಮೈ) ಸವೆತ 0.1 ಮಿ.ಮೀ. ಮುಟ್ಟುವ ಮೊದಲೇ ಅದನ್ನು ರಫಿಂಗ್‌ಗೆ ಇಳಿಸಿ. ನಿಕಲ್ ಮಿಶ್ರಲೋಹ ಮತ್ತು ಗ್ರೈಂಡಿಂಗ್‌ನಲ್ಲಿ ಕಥೆ ಬೇರೆ. ಅಲ್ಲಿ ಬಿಸಿಯೇ ಮುಖ್ಯ ಶತ್ರು, ಮೇಲ್ಮೈಗೆ ಟೆನ್ಶನ್ ಬರುತ್ತದೆ, ಫಟೀಗ್ ಆಯುಸ್ಸೂ (ಮತ್ತೆ ಮತ್ತೆ ಬೀಳುವ ಹೊರೆ ತಾಳುವ ಕಾಲ) ಕುಸಿಯುತ್ತದೆ. ಕೂಲಂಟ್ ಅಂಚಿಗೇ ತಲುಪಬೇಕು, ಗ್ರೈಂಡಿಂಗ್ ವೀಲ್ ಡ್ರೆಸ್ ಆಗಿರಬೇಕು (ಮೈ ಕೆರೆದು ಚೂಪು ಮಾಡಿರಬೇಕು).

ಗೋಡೆಯ ಎರಡೂ ಮುಖವನ್ನು ಅದೇ ಕಟರ್, ಅದೇ ಸ್ಟಾಕ್, ಅದೇ ಕ್ಲೈಂಬ್ ದಿಕ್ಕಿನಲ್ಲಿ (ಹಲ್ಲು ಜಾಬ್ ಸಾಗುವ ದಿಕ್ಕಿಗೇ ಕತ್ತರಿಸುವಂತೆ) ಫಿನಿಶ್ ಮಾಡಿ. ಎರಡೂ ಕಡೆ ತುಂಬಿದ ಸ್ಟ್ರೆಸ್ ಸಮನಾದರೆ ಗೋಡೆ ನೆಟ್ಟಗೇ ನಿಲ್ಲುತ್ತದೆ. ತಳಕ್ಕೂ ಇದೇ ನಿಯಮ: ಪಾಕೆಟ್ ಒಳಗೆ ಹೊಸ ಕಟರ್, ಹೊರಗೆ ಸವೆದ ಫೇಸ್ ಮಿಲ್ ಎಂದಾದರೆ ಬಾಗು ಖಚಿತ. ಗೋಡೆಯ ಎತ್ತರ ದಪ್ಪದ 15 ಪಟ್ಟಿಗಿಂತ ಹೆಚ್ಚಾದರೆ ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಮೇಲಿನಿಂದ ಒಂದೊಂದೇ ಹಂತ ಎರಡೂ ಬದಿ ಕತ್ತರಿಸುತ್ತಾ ಕೆಳಗಿಳಿಯಿರಿ, ಆಗ ಕತ್ತರಿಸುವ ಜಾಗದ ಕೆಳಗೆ ಯಾವಾಗಲೂ ದಪ್ಪ ಲೋಹ ಆಸರೆಗೆ ಇರುತ್ತದೆ. ನಮ್ಮ ಟ್ರೇಯ 2 ಮಿ.ಮೀ. ಗೋಡೆ 37.5 ಎತ್ತರಕ್ಕೆ ಈ ಗುಂಪಿಗೇ ಸೇರುತ್ತದೆ.

ಫಿನಿಶ್ ಆದ ನಂತರವೂ ಕೆಡಿಸುವ ದಾರಿಗಳಿವೆ. ಒಂದೇ ಬದಿಗೆ ಬೀಡ್ ಬ್ಲಾಸ್ಟಿಂಗ್ ಮಾಡಿಸಿದರೆ ಜಾಬ್ ದೊಡ್ಡ ಆಲ್ಮೆನ್ ಪಟ್ಟಿಯೇ ಆಗುತ್ತದೆ. ಪ್ರೆಸ್‌ನಲ್ಲಿ ಒತ್ತಿ ನೇರ ಮಾಡಿದರೆ ಅಳತೆ ಪಾಸ್ ಆಗಬಹುದು, ಆದರೆ ಒಳಗೆ ಹೊಸ ಸ್ಟ್ರೆಸ್ ಸೇರಿತು. ಮುಂದೆ ಬಿಸಿಗೆ ಅಥವಾ ಇನ್ನೊಂದು ಕಟ್‌ಗೆ ಸಿಕ್ಕಾಗ ಅದು ಮತ್ತೆ ಸರಿಯುತ್ತದೆ. ಅಂತಹ ಭಾಗವನ್ನು ನೇರ ಮಾಡಿದ್ದೇವೆ ಎಂದು ದಾಖಲಿಸದೆ ಮುಂದೆ ಕಳಿಸುವುದು ತಪ್ಪು.

ಅಳೆಯುವ ಮೊದಲು ಡ್ರಾಯಿಂಗ್ ಓದಿ. ಐಎಸ್ಒ 10579 ಉಲ್ಲೇಖ ಇದ್ದರೆ ಭಾಗವನ್ನು ಗಟ್ಟಿಯಲ್ಲದ್ದು ಎಂದು ಪರಿಗಣಿಸಿ, ಯಾವ ಅಳತೆಯನ್ನು ಹಿಡಿದ ಸ್ಥಿತಿಯಲ್ಲಿ ನೋಡಬೇಕು, ಯಾವುದನ್ನು ಬಿಡುವಾಗಿ ನೋಡಬೇಕು ಎಂದು ಅಲ್ಲೇ ಹೇಳಿರುತ್ತದೆ. ಜೋಡಣೆಯಲ್ಲಿ ಹನ್ನೆರಡು ಬೋಲ್ಟ್ ಬಿಗಿಯುವ ಕವರ್‌ಗೆ ಬಿಡು ಸ್ಥಿತಿಯಲ್ಲಿ 0.05 ಮಿ.ಮೀ. ಫ್ಲಾಟ್‌ನೆಸ್ ಕೇಳಿದ್ದರೆ ಡಿಸೈನ್‌ನವರ ಜೊತೆ ಮಾತಾಡುವುದು ಒಂದು ತಿಂಗಳ ರಿಜೆಕ್ಷನ್‌ಗಿಂತ ಅಗ್ಗ. ಒಳಗಿನ ಸ್ಟ್ರೆಸ್ ಅಂಕೆಯಲ್ಲೇ ಬೇಕಾದರೆ ಸ್ಟ್ರೇನ್ ಗೇಜ್ ಅಂಟಿಸಿ ನಡುವೆ ಸಣ್ಣ ರಂಧ್ರ ಕೊರೆಯುವ ಎಎಸ್‌ಟಿಎಂ ಇ837 ವಿಧಾನ ಇದೆ. ದಿನನಿತ್ಯದ ಕೆಲಸಕ್ಕೆ ಮೂರು ಆಸರೆ, ಒಂದು ಡಯಲ್ ಮತ್ತು ಒಂದು ವಹಿ ಸಾಕು.

ವಹಿಯಲ್ಲಿ ಪ್ಲೇಟಿನ ಲಾಟ್ ನಂಬರ್, ರೋಲಿಂಗ್ ದಿಕ್ಕು, ರಫಿಂಗ್ ನಂತರ ಯಾವ ಮೂಲೆ ಎಷ್ಟು ಎದ್ದಿತು, ಸೆಮಿ-ಫಿನಿಶ್ ನಂತರ ಎಷ್ಟು, ಇಷ್ಟು ಬರೆದಿಡಿ. ಒಂದೇ ಲಾಟ್‌ನ ಪ್ಲೇಟುಗಳು ಬಹುತೇಕ ಒಂದೇ ಕಡೆಗೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗುತ್ತವೆ. ಆದ್ದರಿಂದ ಪ್ಲೇಟಿನಿಂದ ಜಾಬಿನ ತುಂಡುಗಳನ್ನು ಕತ್ತರಿಸುವಾಗ ರೋಲಿಂಗ್ ದಿಕ್ಕಿನ ಬಾಣ ಪ್ರತಿಯೊಂದರ ಮೇಲೂ ಇರಲಿ, ಎಲ್ಲವೂ ಫಿಕ್ಸ್ಚರ್‌ನಲ್ಲಿ ಒಂದೇ ದಿಕ್ಕಿಗೆ ಕೂರಲಿ. ಲಾಟ್ ಬದಲಾದ ದಿನ ಮೊದಲ ಪೀಸನ್ನು ಪ್ರತಿ ಹಂತದಲ್ಲೂ ಬಿಚ್ಚಿ ಅಳೆದ ಮೇಲೆಯೇ ಉಳಿದವನ್ನು ಓಡಿಸಿ.